ಪೆಟ್ಟಿಗೆಯ ಬಾಯಿ

ಚನ್ನಪಟ್ಟಣದ ಆ ಗೊಂಬೆ ಕಾರ್ಖಾನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಲೇತುಗಳಿವೆ. ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಇದನ್ನು ನೋಡಲು ಊರಿಗೆ ಬಂದವರೆಲ್ಲ ನಿಲ್ಲುತ್ತಾರೆ. ಹಿಂದಿನ ಕೋಣೆಗೆ ಯಾರೂ ಹೋಗುವುದಿಲ್ಲ. ಅಲ್ಲಿರುವುದು ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಮಡಿಸಿದ ಪೆಟ್ಟಿಗೆಗಳು, ಒಂದು ತಕ್ಕಡಿ. ಗೊಂಬೆ ಊರು ಬಿಡುವುದು ಅಲ್ಲಿಂದ.

ಮೊಮ್ಮಗಳಿಗೆಂದು ತಳ್ಳುಗಾಡಿ ಮತ್ತು ಬುಗುರಿಗಳನ್ನು ಆರಿಸಿ ಹಣ ಕೊಡುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಹಿಂದಿನ ಕೋಣೆಯಲ್ಲಿ ಒಂದು ಸ್ಟೂಲು ಕೊಟ್ಟು ಕೂರಿಸಿದರು. ಮೇಜಿನ ಮೇಲೆ ಎರಡು ಸುರುಳಿಗಳಿದ್ದವು. ಒಂದು ಎಲ್ಲರೂ ಬಲ್ಲ ಕಂದು ಬಣ್ಣದ ಪ್ಲಾಸ್ಟಿಕ್ ಟೇಪು. ಇನ್ನೊಂದು ಕಾಗದದ್ದು. ಅದರ ಒಳಮೈ ಮುಟ್ಟಿ ನೋಡಿದೆ. ಬೆರಳಿಗೆ ಅಂಟಲಿಲ್ಲ. ಅಂಚೆಚೀಟಿಯ ಬೆನ್ನಿನ ಹಾಗೆ ಒಣಗಿ ನುಣ್ಣಗಿತ್ತು. 1840ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಅಂಚೆಚೀಟಿ ಬಂದಾಗಲೇ ಅದರ ಬೆನ್ನಿಗೆ ಇಂಥದೇ ಒಣ ಅಂಟು ಇತ್ತು, ನೀರು ತಾಗಿದರೆ ಮಾತ್ರ ಏಳುವಂಥದ್ದು. ಸುರುಳಿಯ ಪಕ್ಕದಲ್ಲಿ ಅದನ್ನು ಒದ್ದೆ ಮಾಡಿ ಕೊಡುವ ಕಬ್ಬಿಣದ ಯಂತ್ರ: ಎಳೆಯಲು ಒಂದು ಹಿಡಿ, ನೀರಿನ ಬಾಟಲಿ, ಅಗಲವಾದ ಬ್ರಷ್, ಕತ್ತರಿಸುವ ಅಲಗು.

ಕಾರ್ಖಾನೆಯ ಹಿರಿಯರು ಮತ್ತು ಅವರ ತಮ್ಮನ ಮಗಳು ಅದರ ಎರಡು ಬದಿಗೆ ನಿಂತಿದ್ದರು. ಮಾತು ಆಗಲೇ ಕಾವೇರಿತ್ತು.

ದೊಡ್ಡಪ್ಪ: ಪೆಟ್ಟಿಗೆ ಬಾಯಿ ಮುಚ್ಚೋಕೆ ಇಷ್ಟೆಲ್ಲ ಸಲಕರಣೆ ಬೇಕೇನಮ್ಮ? ಟೇಪು ಎಳಿ, ಹಚ್ಚು, ಹರಿ. ಮುಗೀತು.

ಹುಡುಗಿ: ಹೇಳೋಕೆ ಮೂರೇ ಮಾತು ದೊಡ್ಡಪ್ಪ. ನಿನ್ನೆ ಅಕ್ಕ ಪ್ಯಾಕ್ ಮಾಡೋದನ್ನ ಇಲ್ಲೇ ನಿಂತು ನೋಡಿದೆ. ಟೇಪಿನ ತುದಿ ಸಿಗದೆ ಉಗುರಲ್ಲಿ ಕೆರೀತಾ ಇದ್ರು. ಸಿಕ್ಕಿದ್ಮೇಲೆ ಅರ್ಧ ಅಗಲಕ್ಕೆ ಸೀಳ್ಕೊಂಡು ಬಂತು. ನಡುವೆ ಒಂದು ಸಲ ಎಳೆದ್ರು. ಆಮೇಲೆ ಎರಡೂ ಕೊನೆಗೆ ಹಚ್ಚಿದ್ರು. ಸಾಲದು ಅಂತ ನಡುವೆ ಇನ್ನೊಂದು ಸಲ.

ದೊಡ್ಡಪ್ಪ: ಭದ್ರ ಬೇಡ್ವಾ ಹಾಗಾದ್ರೆ?

ಹುಡುಗಿ: ಒಂದೇ ಪಟ್ಟಿ ನಿಲ್ಲುತ್ತೆ ಅನ್ನೋ ನಂಬಿಕೆ ಇಲ್ಲದ್ದಕ್ಕೇ ನಾಲ್ಕು ಹಚ್ಚೋದು. ನಮ್ಮ ದಿನದ ಪೆಟ್ಟಿಗೆ 45 ಸೆಂಟಿಮೀಟರ್ ಉದ್ದ, 30 ಅಗಲ. ಕಾಗದದ ಪಟ್ಟಿ ನಡುವಿನ ಸಂದಿಗೆ ಒಂದೇ ಸಾಕು, ಎರಡೂ ಕಡೆ ಏಳೇಳು ಸೆಂಟಿಮೀಟರ್ ಕೆಳಕ್ಕೆ ಮಡಿಸಿದ್ರೆ ಹತ್ತಿರ ಹತ್ತಿರ 60. ಮೇಲೊಂದು ಕೆಳಗೊಂದು, 120. ಪ್ಲಾಸ್ಟಿಕ್‌ನಲ್ಲಿ ಆ 120ರ ಜೊತೆಗೆ ನಾಲ್ಕು ಕೊನೆಗೂ 40-40 ಹಾಕ್ತೀವಿ. 280 ಆಯ್ತು. 65 ಮೀಟರಿನ ಒಂದು ಸುರುಳಿ 23 ಪೆಟ್ಟಿಗೆಗೆ ಮುಗಿಯುತ್ತೆ. ಅಕ್ಕ ಸಮಾಧಾನಕ್ಕೆ ಸುತ್ತೋದನ್ನ ನಾನಿನ್ನೂ ಸೇರಿಸಿಲ್ಲ.

ದೊಡ್ಡಪ್ಪ: ಉದ್ದದ ಲೆಕ್ಕ ಚೆನ್ನಾಗಿ ಹೇಳಿದೆ. ದುಡ್ಡಿನ ಲೆಕ್ಕ ಹೇಳು.

ಹುಡುಗಿ: ಮೀಟರಿಗೆ ಕಾಗದದ್ದೇ ದುಬಾರಿ. ಯಂತ್ರಕ್ಕೂ ಮೊದಲೇ ದುಡ್ಡು ಹಾಕ್ಬೇಕು. ಅದನ್ನ ನಾನು ಮುಚ್ಚಿಡಲ್ಲ.

ದೊಡ್ಡಪ್ಪ: ಇನ್ನೊಂದು ಬಿಟ್ಟೆ ನೀನು. ಪ್ಲಾಸ್ಟಿಕ್ ಟೇಪು ಖಾಲಿಯಾದ್ರೆ ಹುಡುಗನ್ನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಓಡಿಸ್ತೀನಿ, ಐದು ನಿಮಿಷದಲ್ಲಿ ತರ್ತಾನೆ. ನಿನ್ನ ಸುರುಳಿ ಖಾಲಿಯಾದ್ರೆ? ಬೆಂಗಳೂರಿಂದ ಬರೋವರೆಗೂ ಪೆಟ್ಟಿಗೆ ಬಾಯಿ ತೆಕ್ಕೊಂಡು ಕೂತಿರ್ಬೇಕು. ಹೋದ ತಿಂಗಳು ಏನಾಯ್ತು? ಕಾಗದದ ಟೇಪು ಅಂತ ತರಿಸಿದೆ. ಬಂದದ್ದು ಬೇರೆಯದೇ.

ಹುಡುಗಿ: ಅದು ನನ್ನ ತಪ್ಪೇ. ಮೇಲೆ ಕಾಗದ, ಹಿಂದೆ ಮಾಮೂಲಿ ಟೇಪಿನ ಅಂಟು, ಹಾಗೇ ಕೈಯಲ್ಲಿ ಹಚ್ಚೋದು. ನೋಡೋಕೆ ಎರಡೂ ಒಂದೇ ಥರ. ಅದನ್ನ ಹಚ್ಚಿದ್ಮೇಲೂ ಉಗುರು ಹಾಕಿ ಎತ್ತಿದ್ರೆ ಎದ್ದು ಬರ್ತಿತ್ತು. ನನಗೆ ಬೇಕಾಗಿದ್ದದ್ದು ನೀರು ಹಚ್ಚೋದು. ಕೇಳೋವಾಗ ಅದನ್ನ ಬಿಡಿಸಿ ಹೇಳ್ಲಿಲ್ಲ.

ದೊಡ್ಡಪ್ಪ: ಎರಡಕ್ಕೂ ಏನಮ್ಮ ಅಂಥಾ ವ್ಯತ್ಯಾಸ? ಅಂಟು ಅಂದ್ರೆ ಅಂಟು.

ಆ ಮಾತಿಗೆ ಹುಡುಗಿ ಉತ್ತರ ಕೊಡದೆ ಮುಂದಿನ ಕೋಣೆಗೆ ಹೋಗಿ ಎರಡು ಬುಗುರಿ ತಂದಳು. ಒಂದು ಆ ಲೇತಿನದೇ, ಅರಗಿನ ಕೆಂಪು. ಇನ್ನೊಂದು ಯಾರೋ ಮಾದರಿಗೆಂದು ಕೊಟ್ಟುಹೋದದ್ದು, ಡಬ್ಬದ ಬಣ್ಣ ಬಳಿದದ್ದು. ಎರಡನೆಯದರ ಅಂಚಿಗೆ ಉಗುರು ಹಾಕಿದಳು. ಸಿಪ್ಪೆಯ ಹಾಗೆ ಒಂದು ಚೂರು ಎದ್ದು ಬಂತು.

ಹುಡುಗಿ: ನಾನು ಚಿಕ್ಕೋಳಿದ್ದಾಗ ನೀವೇ ತೋರಿಸಿದ್ದು ಇದು. ಬಣ್ಣ ಮರದ ಮೇಲೆ ಕೂರುತ್ತೆ, ಅರಗು ಮರದೊಳಕ್ಕೆ ಕೂರುತ್ತೆ ಅಂತ. ಪ್ಲಾಸ್ಟಿಕ್ ಟೇಪು ಪೆಟ್ಟಿಗೆ ಮೇಲೆ ಕೂರುತ್ತೆ. ಅದರ ಅಂಟು ಯಾವಾಗ್ಲೂ ಹಸಿಯಾಗೇ ಇರುತ್ತೆ, ಒತ್ತಿದ್ರೆ ಹಿಡಿಯುತ್ತೆ, ಎಳೆದ್ರೆ ಬಿಡುತ್ತೆ. ಈ ಕಾಗದದ ಬೆನ್ನಿಗಿರೋದು ಪಿಷ್ಟ. ನಾವು ಸೀರೆಗೆ ಹಾಕೋ ಗಂಜಿಯ ಜಾತಿಯದೇ. ನೀರು ಕುಡಿದು ಮೆತ್ತಗಾಗಿ, ಪೆಟ್ಟಿಗೆ ಕಾಗದದ ನಾರಿನೊಳಕ್ಕೆ ಇಳಿದು, ಅಲ್ಲೇ ಒಣಗುತ್ತೆ. ಆಮೇಲೆ ಪಟ್ಟಿ ಯಾವುದು ಪೆಟ್ಟಿಗೆ ಯಾವುದು ಅಂತ ಬಿಡಿಸೋಕಾಗಲ್ಲ. ಅರಗಿಗೆ ಬಿಸಿ ಹೇಗೋ ಇದಕ್ಕೆ ನೀರು ಹಾಗೆ.

ದೊಡ್ಡಪ್ಪ ಕೆಂಪು ಬುಗುರಿಯನ್ನು ಕೈಯಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

ದೊಡ್ಡಪ್ಪ: ಗೊಂಬೆ ಇಪ್ಪತ್ತು ವರ್ಷ ಇರ್ಬೇಕು ಕಣಮ್ಮ. ಅಜ್ಜಿ ಆಡಿದ್ದನ್ನ ಮೊಮ್ಮಗಳು ಆಡ್ಬೇಕು. ಪೆಟ್ಟಿಗೆ ಇರೋದು ಹತ್ತು ದಿನ. ಹತ್ತು ದಿನದ ವಸ್ತುವಿಗೆ ಅರಗಿನ ಹಾಗೆ ಹಿಡಿಯೋ ಅಂಟು ಯಾಕೆ?

ಇದು ಬಾಯಿ ಮುಚ್ಚಿಸುವ ಮಾತಲ್ಲ, ನಿಜವಾದ ಪ್ರಶ್ನೆ. ಹುಡುಗಿಗೂ ಹಾಗೇ ಅನ್ನಿಸಿರಬೇಕು. ಪೆಟ್ಟಿಗೆಯೊಂದನ್ನು ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದಳು.

ಹುಡುಗಿ: ಈ ಐದು ಪದರದ ಪೆಟ್ಟಿಗೆ ಫ್ಲಾಪುಗಳನ್ನ ನೋಡಿ. ಮಡಿಸಿ ಕೈ ಬಿಟ್ರೆ ಸ್ಪ್ರಿಂಗ್ ಥರ ಮೇಲೇಳುತ್ತೆ. ಒಳಗೆ ತುಂಬಿದ ಸಾಮಾನು ಬೇರೆ ಒಳಗಿಂದ ನೂಕುತ್ತೆ. ಹತ್ತು ದಿನ ಹಗಲೂ ರಾತ್ರಿ ಟೇಪು ಆ ನೂಕಿಗೆ ಎದುರು ನಿಂತಿರ್ಬೇಕು. ಮಧ್ಯಾಹ್ನ ಲಾರಿಯ ತಗಡಿನ ಬಿಸಿ ಬೇರೆ. ಅದೂ ಅಲ್ದೆ ನಮ್ಮದು ಲೇತಿನ ಮನೆ ದೊಡ್ಡಪ್ಪ. ಮುಂದೆ ಮರ ಕಡೀತಾ ಇದ್ರೆ ಹಿಂದೆ ಪೆಟ್ಟಿಗೆ ಮೇಲೆಲ್ಲ ಹೊಟ್ಟು.

ಬೆರಳಿನಿಂದ ಪೆಟ್ಟಿಗೆಯ ಮೇಲೆ ಒಂದು ಗೆರೆ ಎಳೆದು ತೋರಿಸಿದಳು. ಆಲೆ ಮರದ ಹೊಟ್ಟು ಬಹಳ ನಯ, ಹೆಚ್ಚು ಕಡಿಮೆ ಬಿಳಿ. ಪ್ಲಾಸ್ಟಿಕ್ ಟೇಪಿನ ಒಂದು ತುಂಡನ್ನು ಅಲ್ಲೇ ಒತ್ತಿ ಎತ್ತಿ ಬೆಳಕಿಗೆ ಹಿಡಿದಳು. ಅಂಟಿನ ಮೈತುಂಬ ರವೆಯಂತೆ ಪುಡಿ ಕೂತಿತ್ತು. ಟೇಪು ಹಿಡಿದದ್ದು ಹೊಟ್ಟನ್ನು, ಪೆಟ್ಟಿಗೆಯನ್ನಲ್ಲ. ಇದನ್ನು ನಾನು ಕಣ್ಣಾರೆ ನೋಡಿದೆ. ಇಷ್ಟು ವರ್ಷ ಟೇಪು ಬಿಟ್ಟುಕೊಂಡಾಗಲೆಲ್ಲ ಟೇಪನ್ನೇ ಬಯ್ದಿದ್ದೆ.

ದೊಡ್ಡಪ್ಪ: ಒರೆಸಿ ಹಚ್ಬೇಕು. ನಾನು ಹೇಳ್ತಾನೇ ಇರ್ತೀನಿ.

ಹುಡುಗಿ: ಹೇಳ್ತೀರಿ. ಐವತ್ತು ಪೆಟ್ಟಿಗೆ ಹೋಗೋ ದಿನ ಯಾರು ಒರೆಸ್ತಾರೆ? ಒದ್ದೆ ಅಂಟಾದ್ರೆ ಅಷ್ಟಿಷ್ಟು ಪುಡೀನ ನೆನೆಸ್ಕೊಂಡು ಕೆಳಗಿನ ಕಾಗದಕ್ಕೆ ಇಳಿಯುತ್ತೆ.

ದೊಡ್ಡಪ್ಪ: ಎಲ್ಲಿ, ಹಚ್ಚಿ ತೋರ್ಸು.

ಅವಳು ಹಿಡಿ ಎಳೆದಳು. ಸರ್ರನೆ ಸದ್ದಾಗಿ, ಕತ್ತರಿಸಿದ ಪಟ್ಟಿ ಬ್ರಷ್ಷಿನ ಮೇಲೆ ಹಾದು ಹೊರಗೆ ಬಂತು. ಅದರ ತುದಿಯಿಂದ ಎರಡು ಹನಿ ಮೇಜಿಗೆ ಬಿತ್ತು. ಪೆಟ್ಟಿಗೆಯ ಮೇಲೆ ಇಟ್ಟು ಸವರಿದಳು. ಪಟ್ಟಿ ಅವಳ ಕೈಯ ಜೊತೆಗೇ ಜಾರಿತು. ನೀರು ಹೆಚ್ಚಾಗಿ ಅಂಟೇ ತೊಳೆದುಹೋಗಿತ್ತು. ದೊಡ್ಡಪ್ಪ ಏನೂ ಅನ್ನಲಿಲ್ಲ. ಅವಳು ಬ್ರಷ್ಷಿನ ಮೇಲಿನ ಭಾರವನ್ನು ಸ್ವಲ್ಪ ಸರಿಸಿ, ಮತ್ತೆ ಎಳೆದು, ಎರಡನೆಯ ಪಟ್ಟಿ ತೆಗೆದಳು. ಈ ಸಲ ಹನಿ ಬೀಳಲಿಲ್ಲ. ಒಳಮೈ ಮಾತ್ರ ಮಿನುಗುತ್ತಿತ್ತು. ಫ್ಲಾಪುಗಳನ್ನು ಎಡಗೈಯಲ್ಲಿ ಅದುಮಿ, ಬಲಗೈಯ ಅಂಗೈಯಿಂದ ನಡುವಿನಿಂದ ಎರಡೂ ಕಡೆಗೆ ತೀಡಿದಳು. ತಾಳೆಗರಿ ಹಿಡಿದು ಹೊಳಪು ಕೊಡುವಾಗ ಇಲ್ಲಿನವರ ಕೈ ಹೀಗೇ ಹೋಗುತ್ತದೆ. ಕೋಣೆಯಲ್ಲಿ ಗಂಜಿಯ ಸಣ್ಣ ವಾಸನೆ ಎದ್ದಿತು.

ಐದು ನಿಮಿಷ ಬಿಟ್ಟು ದೊಡ್ಡಪ್ಪ ಆ ಪಟ್ಟಿಯ ಮೂಲೆ ಹಿಡಿದು ಎಳೆದರು. ಪಟ್ಟಿ ಬಂತು. ಅದರ ಜೊತೆಗೆ ಪೆಟ್ಟಿಗೆಯ ಮೇಲ್ಪದರವೂ ನಾರುನಾರಾಗಿ ಕಿತ್ತುಬಂತು.

ಹುಡುಗಿ: ಹೀಗೆ ನಾರು ಬಂದ್ರೆ ಸರಿಯಾಗಿ ಹಿಡಿದಿದೆ ಅಂತ ಅರ್ಥ.

ದೊಡ್ಡಪ್ಪ: ಪೆಟ್ಟಿಗೆ ಹಾಳಾಯ್ತು ಅಂತಲೂ ಅರ್ಥ.

ಹುಡುಗಿ: ಅದಕ್ಕೇ ಹಚ್ಚೋದು. ಕದ್ದವನು ಗುರುತು ಬಿಡ್ದೆ ತೆಗೆಯೋಕಾಗಬಾರದು.

ಇಲ್ಲಿ ನನ್ನ ಒಂದು ಮಾತು ಹೇಳಲೇಬೇಕು. ಎರಡು ವರ್ಷದ ಹಿಂದೆ ನಾನು ಮಗನ ಮನೆಗೆ ಒಂದು ಪೆಟ್ಟಿಗೆ ಕಳಿಸಿದ್ದೆ. ಅಮ್ಮನ ಕಾಲದ ಹಿತ್ತಾಳೆ ದೀಪ ಒಂದು ಜೊತೆ, ಬಟ್ಟೆ, ಚಟ್ನಿಪುಡಿ. ಮುಟ್ಟಿದಾಗ ದೀಪ ಇರಲಿಲ್ಲ. ದೂರು ಕೊಡಲು ಹೋದರೆ ಟೇಪು ನೆಟ್ಟಗಿದೆಯಲ್ಲ ಎಂದರು. ಹೌದು, ನೆಟ್ಟಗಿತ್ತು. ನಾನು ಹಚ್ಚಿದ ಟೇಪನ್ನು ಎತ್ತಿ, ಅಂಥದೇ ಇನ್ನೊಂದನ್ನು ಅದೇ ಗೆರೆಗೆ ಹಚ್ಚಿದ್ದರು. ಎಲ್ಲ ಅಂಗಡಿಯಲ್ಲೂ ಸಿಗುವ ಕಂದು ಟೇಪು. ಅದು ನನ್ನದಲ್ಲವೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಆ ದೀಪ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಇದನ್ನು ಅವರಿಬ್ಬರಿಗೂ ಹೇಳಿದೆ.

ದೊಡ್ಡಪ್ಪ: ಸ್ವಾಮಿ, ಇದು ಹೊಸದೇನಲ್ಲ. ನಮ್ಮಪ್ಪನ ಕಾಲದಲ್ಲಿ ಅಂಚೇಲಿ ಗೊಂಬೆ ಕಳಿಸೋಕೆ ಮೊದಲು ಬಿಳಿ ಬಟ್ಟೆ ಸುತ್ತಿ ದಬ್ಬಳದಲ್ಲಿ ಹೊಲೀಬೇಕಿತ್ತು. ಹೊಲಿಗೆ ಮೇಲೆ ಅಲ್ಲಲ್ಲಿ ಅರಗು ಕರಗಿಸಿ ಸುರಿದು, ಅದರ ಮೇಲೆ ನಮ್ಮ ಗುರುತಿನ ಅಚ್ಚು ಒತ್ತೋರು. ಇದೇ ಅರಗು. ನಮಗೇನು, ಮನೇಲೇ ಇತ್ತು. ದಾರ ಬಿಚ್ಚಬೇಕು ಅಂದ್ರೆ ಅರಗು ಒಡೀಲೇಬೇಕು. ಒಡೆದ ಅರಗನ್ನ ಮತ್ತೆ ಕೂಡಿಸೋಕಾಗಲ್ಲ.

ಹುಡುಗಿ: ನೀವೇ ಹೇಳಿದ್ರಿ ನೋಡಿ. ನಾನು ಕೇಳ್ತಿರೋದು ಅದೇ ಅರಗಿನ ಮುದ್ರೆ.

ದೊಡ್ಡಪ್ಪ: ಅದೇ ಅಲ್ಲ. ಅರಗಿನ ಮೇಲೆ ನಮ್ಮ ಅಚ್ಚು ಇತ್ತು. ಈ ಕಾಗದದ ಮೇಲೆ ಯಾರ ಹೆಸರಿದೆ? ಕದಿಯೋನು ಚಾಕುವಲ್ಲಿ ಸೀಳಿ ಇನ್ನೊಂದು ಕಾಗದದ ಪಟ್ಟಿ ಹಚ್ಚಿದ್ರೆ ನಿನಗೂ ಸ್ವಾಮಿಯವರ ಗತಿಯೇ.

ಹುಡುಗಿ: ಹಚ್ಚಬಹುದು. ಆದ್ರೆ ಕೆಳಗಿನ ಪಟ್ಟಿ ಕಿತ್ತಿರಲ್ಲ, ಸೀಳಿದ್ದು ಅಡೀಲೇ ಇರುತ್ತೆ. ಎರಡು ಪದರ ಕಾಣುತ್ತೆ. ಹೆಸರು ಅಚ್ಚು ಹಾಕಿಸಿದ ಪಟ್ಟಿಯೂ ಮಾಡಿಕೊಡ್ತಾರೆ. ನಮ್ಮ ಕುದುರೆ ಗುರುತು ಹಾಕಿಸಿದ್ರೆ ಯಾರೂ ಅಂಗಡೀಲಿ ಕೊಂಡು ತರೋಕಾಗಲ್ಲ.

ದೊಡ್ಡಪ್ಪ: ಒಂದೇ ಸಲಕ್ಕೆ ರಾಶಿ ತಗೊಂಡ್ರೆ ತಾನೆ ಅಚ್ಚು ಹಾಕಿಕೊಡೋದು? ನಾವು ದಸರಾ, ದೀಪಾವಳಿಗೆ ಓಡೋ ಕುದುರೆ. ಉಳಿದ ತಿಂಗಳು ನಿಂತಿರ್ತೀವಿ. ರಾಶಿ ಎಲ್ಲಿಡ್ತೀಯ? ಈ ಮಳೇಲಿ?

ಅವರು ಕೈ ಮಾಡಿದ ಕಡೆ ಒಂದು ಸುರುಳಿ ಕಿಟಕಿಯ ಮೇಲೆ ಬಿದ್ದಿತ್ತು. ಅಂಚುಗಳು ಒಂದಕ್ಕೊಂದು ಹತ್ತಿ ಇಡಿಯಾಗಿ ಮರದ ಬಿಲ್ಲೆಯಂತಾಗಿತ್ತು.

ಹುಡುಗಿ: ಜುಲೈಲಿ ಕವರ್ ಬಿಚ್ಚಿ ಹಾಗೇ ಬಿಟ್ಟುಹೋಗಿದ್ದೆ. ಗಾಳಿಯ ತೇವಕ್ಕೇ ಹತ್ತಿಕೊಂಡ್ಬಿಡ್ತು. ಈಗ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದೀನಿ.

ದೊಡ್ಡಪ್ಪ: ಇದು ಚನ್ನಪಟ್ಟಣ, ಒಣ ಸೀಮೆ. ಇಲ್ಲೇ ಹೀಗೆ. ಮಡಿಕೇರೀಲೋ ಶಿರಸೀಲೋ ಕೂತೋರು ಇದನ್ನ ಹೇಗೆ ಇಟ್ಕೋತಾರೆ? ಅಲ್ಲಿ ಮಳೆಗಾಲದಲ್ಲಿ ಹಪ್ಪಳನೇ ಬಟ್ಟೆ ಥರ ಆಗುತ್ತೆ. ಅದಿರ್ಲಿ, ಪೆಟ್ಟಿಗೆ ಹೋಗೋದೂ ಅಲ್ಲಿಗೇ. ಲಾರಿ ಟಾರ್ಪಾಲು ಸೋರಿದ್ರೆ?

ಹುಡುಗಿ: ಒಣಗಿ ಗಟ್ಟಿಯಾದ ಮೇಲೆ ನಾಲ್ಕು ಹನಿಗೆ ಅದು ಏಳಲ್ಲ. ನೀರಲ್ಲೇ ನಿಂತ್ರೆ ಏಳುತ್ತೆ. ಆದ್ರೆ ಅಷ್ಟು ಹೊತ್ತಿಗೆ ಪೆಟ್ಟಿಗೆಯೇ ರೊಟ್ಟಿ ಹಿಟ್ಟಾಗಿರುತ್ತೆ.

ದೊಡ್ಡಪ್ಪ: ಪೆಟ್ಟಿಗೆ ಮೆತ್ತಗಾದಾಗಲೇ ಮೈಸುತ್ತ ಒಂದು ಪ್ಲಾಸ್ಟಿಕ್ ಪಟ್ಟಿ ಇದ್ರೆ ಗಂಟು ಕಟ್ಟಿದ ಹಾಗೆ ಹಿಡಿದಿರುತ್ತೆ. ಸಂದಿಯೊಳಕ್ಕೆ ನೀರೂ ಹೋಗಲ್ಲ. ಮೂವತ್ತು ವರ್ಷದಿಂದ ಮಡಿಕೇರಿಗೆ ಕಳಿಸ್ತಾ ಇದ್ದೀನಮ್ಮ. ನೆಂದು ಹೋದದ್ದುಂಟು, ಚೆಲ್ಲಿ ಹೋದದ್ದಿಲ್ಲ.

ಇದಕ್ಕೆ ಹುಡುಗಿಯ ಬಳಿ ಉತ್ತರವಿರಲಿಲ್ಲ. ಮಳೆಯ ಸದ್ದು ತಗಡಿನ ಮೇಲೆ ಜೋರಾಯಿತು. ಸ್ವಲ್ಪ ಹೊತ್ತು ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಅದು ತಗ್ಗಿದ ಮೇಲೆ ಅವಳು ಬೇರೆ ಕಡೆಯಿಂದ ಶುರು ಮಾಡಿದಳು.

ಹುಡುಗಿ: ತೆಗೆದ ಮೇಲೆ ಏನಾಗುತ್ತೆ ಅನ್ನೋದೂ ಇದೆಯಲ್ಲ ದೊಡ್ಡಪ್ಪ. ಹಳೇ ಪೆಟ್ಟಿಗೆ ಕಾಗದದ ಗಿರಣಿಗೆ ಹೋದ್ರೆ ನೀರಲ್ಲಿ ಕದಡಿ ಮತ್ತೆ ತಿರುಳು ಮಾಡ್ತಾರೆ. ಪ್ಲಾಸ್ಟಿಕ್ ಟೇಪು ಕದಡಲ್ಲ. ಹಗ್ಗದ ಹಾಗೆ ಸುತ್ಕೊಳ್ಳುತ್ತೆ. ಅದನ್ನ ಸೋಸಿ ತೆಗೆದು ಒಂದು ಕಡೆ ಗುಡ್ಡೆ ಹಾಕ್ತಾರೆ. ಗಂಜಿ ಅಂಟಿನ ಕಾಗದ ಪೆಟ್ಟಿಗೆ ಜೊತೆಗೇ ಕರಗುತ್ತೆ. ಜರ್ಮನಿಗೆ ಹೋಗೋ ಆರ್ಡರಿನೋರು ಕೇಳ್ತಿರೋದೂ ಅದನ್ನೇ. ಅಲ್ಲಿ ಮಾರಾಟಕ್ಕೆ ಪ್ಯಾಕಿಂಗ್ ಕಳಿಸೋರೆಲ್ಲ 2019ರಿಂದ ಲೆಕ್ಕ ಬರೆಸಿ ಅದರ ವಿಲೇವಾರಿಗೆ ದುಡ್ಡು ಕಟ್ಬೇಕು. ಒಂದೇ ಜಾತಿಯ ವಸ್ತುವಾದ್ರೆ ಅವರಿಗೂ ಸಲೀಸು.

ದೊಡ್ಡಪ್ಪ: ಜರ್ಮನಿಯೋರು ಕೇಳಿದ್ರೆ ಜರ್ಮನಿ ಪೆಟ್ಟಿಗೆಗೆ ಹಚ್ಚು. ನಾನು ಬೇಡ ಅನ್ನಲ್ಲ. ನಮ್ಮ ಸರ್ಕಾರ ಬೇಡ ಅಂದಿದೆಯಾ ಪ್ಲಾಸ್ಟಿಕ್ ಟೇಪು?

ಹುಡುಗಿ: ಇಲ್ಲ. 2022ರ ಜುಲೈ 1ರಿಂದ ನಿಂತ ವಸ್ತುಗಳ ಪಟ್ಟೀಲಿ ಸ್ಟ್ರಾ, ಚಮಚ, ಮಿಠಾಯಿ ಡಬ್ಬಕ್ಕೆ ಸುತ್ತೋ ಹಾಳೆ ಎಲ್ಲ ಇದೆ. ಟೇಪು ಇಲ್ಲ.

ದೊಡ್ಡಪ್ಪ: ಗುಜರಿಯೋನು? ಟೇಪು ಇದೆ ಅಂತ ಒಂದು ರೂಪಾಯಿ ಕಡಿಮೆ ಕೊಡ್ತಾನಾ? ಅವನೂ ತೂಕಕ್ಕೆ ಹಾಕ್ತಾನೆ.

ಹುಡುಗಿ: ಅವನು ಕೇಳಲ್ಲ ಅಂದ್ರೆ ತೊಂದರೆ ಇಲ್ಲ ಅಂತಲ್ಲ. ತೊಂದರೆ ಮುಂದಿನೋನ ಕೈಗೆ ಹೋಯ್ತು ಅಷ್ಟೆ.

ದೊಡ್ಡಪ್ಪ: ಸರಿ. ನಿನ್ನ ಪಟ್ಟೀನ ಇಲ್ಲಿ ಕೊಡು.

ಒಣ ಪಟ್ಟಿಯ ಒಂದು ತುಂಡನ್ನು ಹರಿಯಲು ನೋಡಿದರು. ಕಾಗದ ಸೀಳಿತು, ಆದರೆ ತುಂಡು ಬೇರೆಯಾಗಲಿಲ್ಲ. ನಡುವೆ ಕೂದಲೆಳೆಯಂಥ ಹೊಳೆಯುವ ದಾರಗಳು ಉದ್ದಕ್ಕೂ ಓರೆಗೂ ಹರಿದಿದ್ದವು.

ದೊಡ್ಡಪ್ಪ: ಇದೇನು? ಇದೂ ಗಂಜೀನಾ?

ಹುಡುಗಿ: ಗಾಜಿನ ಎಳೆ. ಎರಡು ಕಾಗದದ ನಡುವೆ ಇಟ್ಟು ಬೇರೆ ಅಂಟಿನಲ್ಲಿ ಕೂಡಿಸಿರ್ತಾರೆ. ಭಾರದ ಪೆಟ್ಟಿಗೆಗೆ ಇದು. ಗಿರಣೀಲಿ ಆ ಎಳೇನೂ ಸೋಸಿ ತೆಗೀಬೇಕಾಗುತ್ತೆ.

ದೊಡ್ಡಪ್ಪ: ಹಾಗಾದ್ರೆ ಬರೀ ಕಾಗದ ಅನ್ಬೇಡ.

ಹುಡುಗಿ: ಎಳೆ ಇಲ್ಲದ್ದೂ ಬರುತ್ತೆ. ನಮ್ಮ ಗೊಂಬೆಗೆ ಅದೇ ಸಾಕಾಗಬಹುದು. ಇದನ್ನ ನಾನು ಧೈರ್ಯಕ್ಕೆ ತರಿಸಿದೆ.

ದೊಡ್ಡಪ್ಪ ಗೋಡೆಯ ಬದಿಯಿಂದ ಮಡಿಸಿದ ಪೆಟ್ಟಿಗೆಯೊಂದನ್ನು ಎಳೆದರು. ಬಿಸ್ಕತ್ತು ಕಂಪನಿಯದು. ಸಂದಿಯ ಮೇಲೆ ಹಳೆಯ ಪ್ಲಾಸ್ಟಿಕ್ ಟೇಪು ಸೀಳಿ ಹಾಗೇ ಉಳಿದಿತ್ತು. ಅವರ ನಿಜವಾದ ವಾದ ಬಂದದ್ದು ಆಗಲೇ ಎಂದು ನನಗೆ ಕಂಡಿತು.

ದೊಡ್ಡಪ್ಪ: ಇದನ್ನ ನೋಡು. ದಿನಸಿ ಅಂಗಡಿಯಿಂದ ತರ್ತೀನಿ. ಹತ್ತಿರದ ಅಂಗಡಿಗಳಿಗೆ ಗೊಂಬೆ ಕಳಿಸೋದು ಇದರಲ್ಲೇ. ಅವರು ಟೇಪಿಗೆ ಬ್ಲೇಡು ಹಾಕಿ, ಗೊಂಬೆ ತಕ್ಕೊಂಡು, ಪೆಟ್ಟಿಗೆ ವಾಪಸ್ಸು ಬಸ್ಸಲ್ಲಿ ಹಾಕ್ತಾರೆ. ಒಂದು ಪೆಟ್ಟಿಗೆ ನಾಲ್ಕು ಸಲ, ಐದು ಸಲ ಓಡಾಡುತ್ತೆ. ನಿನ್ನ ಪಟ್ಟಿ ಈ ಹಳೇ ಟೇಪಿನ ಮೇಲೆ ಹಿಡಿಯುತ್ತಾ?

ಹುಡುಗಿ: ಹಿಡಿಯಲ್ಲ. ಪ್ಲಾಸ್ಟಿಕ್ ನೀರು ಕುಡಿಯಲ್ಲವಲ್ಲ. ನಾವು ಉಡುಗೊರೆಗೆ ಕೊಡೋ ಮಿರುಗು ಬಣ್ಣದ ಪೆಟ್ಟಿಗೆಗೂ ಹಿಡಿಯಲ್ಲ.

ದೊಡ್ಡಪ್ಪ: ಹೊಸ ಪೆಟ್ಟಿಗೆಗೆ ಹಚ್ಚಿದ್ರೂ, ತೆಗೆಯೋವಾಗ ಮೈ ಕಿತ್ಕೊಂಡು ಬರುತ್ತೆ. ಈಗ ತಾನೆ ಕಂಡೆವಲ್ಲ. ಗಿರಣೀಲಿ ಕದಡೋಕೆ ಒಳ್ಳೇದು ಅಂತೀಯ. ಗಿರಣಿಗೇ ಹೋಗದ ಹಾಗೆ ಐದು ಸಲ ಬಳಸೋದು ಅದಕ್ಕಿಂತ ಒಳ್ಳೇದಲ್ವಾ?

ಹುಡುಗಿ: ಬ್ಲೇಡಲ್ಲಿ ಸಂದಿಗೆ ಸರಿಯಾಗಿ ಸೀಳಿದ್ರೆ ಕೀಳೋದು ಬೇಡ. ಪಟ್ಟಿ ಅಲ್ಲೇ ಉಳಿಯುತ್ತೆ. ಅದು ಕಾಗದವೇ ಆದ್ದರಿಂದ ಅದರ ಮೇಲೆ ಇನ್ನೊಂದು ಹಿಡಿಯುತ್ತೆ.

ದೊಡ್ಡಪ್ಪ: ಸರಿಯಾಗಿ ಸೀಳಿದ್ರೆ.

ಹುಡುಗಿ: ಹೌದು. ಸರಿಯಾಗಿ ಸೀಳಿದ್ರೆ. ಆದ್ರೆ ದೊಡ್ಡಪ್ಪ, ವಾಪಸ್ಸು ಬರೋದು ಇಲ್ಲಿನ ಮೂರು ನಾಲ್ಕು ಅಂಗಡಿ ಪೆಟ್ಟಿಗೆ ಮಾತ್ರ. ಈಗ ಅರ್ಧಕ್ಕಿಂತ ಜಾಸ್ತಿ ಹೋಗೋದು ಮುಖ ಕಾಣದೋರ ಮನೆಗೆ. ಅವರು ಪೆಟ್ಟಿಗೆ ತೆಗೆದು ಮಗುವಿನ ಮುಂದೆ ಗೊಂಬೆ ಇಡ್ತಾರೆ. ಅಲ್ಲೇ ಪಕ್ಕದಲ್ಲಿ ಪ್ಲಾಸ್ಟಿಕ್ ಟೇಪು ಮುದ್ದೆಯಾಗಿ ಬಿದ್ದಿರುತ್ತೆ. ಗೊಂಬೇಲಿ ಮರ, ಅರಗು, ಅರಿಸಿನ, ನೀಲಿ. ಮಗು ಬಾಯಿಗಿಟ್ರೂ ಹೆದರಿಕೆ ಇಲ್ಲ ಅಂತ ನಾವೇ ಹೇಳಿ ಮಾರ್ತೀವಿ. ಆ ಮಾತು ಪೆಟ್ಟಿಗೆ ಬಾಯಿಗೆ ಬಂದಾಗ ಯಾಕೆ ನಿಲ್ಬೇಕು?

ದೊಡ್ಡಪ್ಪ ಬಿಸ್ಕತ್ತಿನ ಪೆಟ್ಟಿಗೆಯನ್ನು ಮತ್ತೆ ಮಡಿಸಿ ಗೋಡೆಗೆ ಒರಗಿಸಿದರು. ಆಮೇಲೆ ಮೂಲೆಯಲ್ಲಿ ನೆಲದ ಮೇಲೆ ಕೂತು ಬುಗುರಿಗಳಿಗೆ ಕಾಗದ ಸುತ್ತುತ್ತಿದ್ದ, ಹುಡುಗಿ ಅಕ್ಕ ಎನ್ನುತ್ತಿದ್ದ ಹೆಂಗಸಿನ ಕಡೆ ತಿರುಗಿದರು.

ದೊಡ್ಡಪ್ಪ: ನೀನು ಹೇಳಮ್ಮ. ದಿನಾ ಕಟ್ಟೋಳು ನೀನು.

ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಸೇರಿ. ಅವಳು ಕೈಯ ಕೆಲಸ ನಿಲ್ಲಿಸದೆಯೇ ಮಾತಾಡಿದಳು.

ಅಕ್ಕ: ಪಿಲಾಸ್ಟಿಕ್ ಟೇಪು ಸದ್ದು ಕೇಳಿ ಕೇಳಿ ಸಾಯಂಕಾಲಕ್ಕೆ ಕಿವಿ ಗುಂಯ್ ಅಂತದೆ. ಹಲ್ಲಲ್ಲಿ ಕಚ್ಚಿ ಹರಿಯೋದು, ಅದೂ ಒಂದು. ಇದಾದ್ರೆ ಎರಡೂ ಇಲ್ಲ. ಆದ್ರೆ ನಾನು ಕೆಳಗೆ ಕೂತು ಕಟ್ಟೋಳು. ಈ ಮಿಷಿನ್ನಿಗೆ ನಿಂತೇ ಕಟ್ಬೇಕು. ಐವತ್ತು ಪೆಟ್ಟಿಗೆ ದಿನ ಹಿಡಿ ಎಳೆದೂ ಎಳೆದೂ ಭುಜ ನೋಯ್ತದೆ. ಕೈ ಒದ್ದೆ ಆಯ್ತದೆ. ಒದ್ದೆ ಕೈಯಲ್ಲಿ ಗೊಂಬೆ ಸುತ್ತೋ ಕಾಗದ ಮುಟ್ಟಂಗಿಲ್ಲ. ಸುತ್ತೋಕೆ ಒಬ್ರು, ಹಚ್ಚೋಕೆ ಒಬ್ರು ಬೇಕು.

ಹುಡುಗಿ: ಮೇಜಿಗೆ ತಕ್ಕ ಎತ್ತರದ ಸ್ಟೂಲು ಮಾಡಿಸ್ಬಹುದು ಅಕ್ಕ.

ಅಕ್ಕ: ಮಾಡ್ಸವ್ವ. ಆ ಬ್ರಷ್ಷು ನೋಡ್ದಾ?

ಎದ್ದು ಬಂದು ಯಂತ್ರದ ಮುಚ್ಚಳ ಎತ್ತಿ ಬ್ರಷ್ ಹೊರಗೆ ತೆಗೆದಳು. ಕೂದಲ ಬುಡಕ್ಕೆ ಬಿಳಿ ಹರಳು ಕಟ್ಟಿತ್ತು, ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಕಟ್ಟುವಂಥದ್ದು. ತುದಿಯಲ್ಲಿ ಅಂಟು ಒಣಗಿ ನಾಲ್ಕು ಕಡೆ ಕೂದಲು ಕೂಡಿಕೊಂಡಿದ್ದವು. ಮೊದಲ ಪಟ್ಟಿಯ ಮೇಲೆ ನೀರು ಹದವಾಗಿ ಬೀಳದೆ ಹೋದದ್ದು ಏಕೆಂದು ಆಗ ತಿಳಿಯಿತು.

ಅಕ್ಕ: ಬೋರ್ ನೀರು. ಒಂದು ವಾರಕ್ಕೇ ಹಿಂಗೆ. ದಿನಾ ಸಾಯಂಕಾಲ ಬಿಸಿನೀರಲ್ಲಿ ತೊಳೆದು ಮಡಗಬೇಕು. ಇಲ್ದಿದ್ರೆ ಪಟ್ಟಿ ಒಂದು ಕಡೆ ಹಿಡೀತದೆ, ಒಂದು ಕಡೆ ಬಾಯಿ ಬಿಡ್ತದೆ.

ಯಾರೂ ಏನೂ ಹೇಳುವ ಮೊದಲೇ ಅವಳು ನನ್ನ ಗೊಂಬೆಗಳ ಪೆಟ್ಟಿಗೆ ಎಳೆದುಕೊಂಡು, ಯಾವುದು ಹಚ್ಚಲಿ ಎಂದು ನನ್ನನ್ನೇ ಕೇಳಿದಳು. ಕಾಗದದ್ದು ಎಂದೆ. ಅಮ್ಮನ ದೀಪಕ್ಕೆ ಇದನ್ನೇ ಹಚ್ಚಬೇಕಿತ್ತು ಎಂಬ ಸಂಕಟ ಆಗಲೂ ಇತ್ತು, ಈಗಲೂ ಇದೆ. ಬ್ರಷ್ಷನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ತಂದಳು, ಒಂದೇ ಪಟ್ಟಿ ಎಳೆದಳು, ನಡುವೆ ಇಟ್ಟು ತೀಡಿದಳು. ದೊಡ್ಡಪ್ಪ ಮುಂದೆ ಬಂದು ಫ್ಲಾಪುಗಳ ಮೇಲೆ ತಮ್ಮ ಎರಡೂ ಅಂಗೈಗಳನ್ನು ಊರಿ ನಿಂತರು. ಅರಗು ಹಿಡಿಸಿ ಹಿಡಿಸಿ ಆ ಬೆರಳುಗಳ ತುದಿ ಗಾಜಿನ ಹಾಗೆ ನುಣುಪಾಗಿದ್ದವು. ತುಟಿಯಲ್ಲೇ ಇಪ್ಪತ್ತು ಎಣಿಸಿದರು. ಕೈ ತೆಗೆದ ಮೇಲೂ ಫ್ಲಾಪು ಏಳಲಿಲ್ಲ. ಮೂಲೆಗೆ ಹೆಬ್ಬೆರಳಿನ ಉಗುರು ಹಾಕಿ ಒಂದು ಸಲ ನೋಡಿದರು. ಅದು ಬರಲಿಲ್ಲ.

ದೊಡ್ಡಪ್ಪ: ದಿನಾ ಸಂಜೆ ಬ್ರಷ್ ತೊಳೆಯೋದು ಯಾರು?

ಹುಡುಗಿ: ನಾನು ತೊಳೀತೀನಿ.

ದೊಡ್ಡಪ್ಪ: ನೀನು ಊರಲ್ಲಿಲ್ಲದ ದಿನ?

ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ಮತ್ತೆ ನೆಲಕ್ಕೆ ಕೂತು ಬುಗುರಿ ಸುತ್ತತೊಡಗಿದ್ದಳು. ಮಳೆ ಹನಿಗೆ ಇಳಿದಿತ್ತು. ನಾನು ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ.